ಕಾಫಿ ಚೆಲ್ಲಿದ ಮೇಲಿನ ಐದು ನಿಮಿಷ

ಪಿಯುಸಿ ಮುಗಿದು ಸಿಇಟಿ ಸೀಟು ಖಚಿತವಾಯಿತು ಎನ್ನುವಷ್ಟರಲ್ಲಿ ಮನೆಯಲ್ಲಿ ಲ್ಯಾಪ್‌ಟಾಪಿನ ಮಾತು ಶುರುವಾಗುತ್ತದೆ. ಯಾವ ಕಂಪನಿ, ಎಷ್ಟು ರ‍್ಯಾಮ್, ಎಷ್ಟು ಕಂತು ಎಂದು ಅಪ್ಪ-ಅಮ್ಮ ಕಂಡಕಂಡವರನ್ನು ವಿಚಾರಿಸುತ್ತಾರೆ, ಅಂಗಡಿ ಅಂಗಡಿ ತಿರುಗುತ್ತಾರೆ. ಅಷ್ಟೆಲ್ಲ ಆಗಿ ವಸ್ತು ಮನೆಗೆ ಬಂದಾಗ ಅರಿಶಿನ-ಕುಂಕುಮ ಹಚ್ಚಿ ಮಕ್ಕಳ ಕೈಗೆ ಕೊಡುತ್ತಾ ಹೇಳುವ ಮಾತು ಮಾತ್ರ ಎಲ್ಲ ಮನೆಗಳಲ್ಲೂ ಒಂದೇ: "ಹುಷಾರಾಗಿ ನೋಡ್ಕೋ. ಹಾಳು ಮಾಡ್ಕೊಂಡ್ರೆ ಇನ್ನೊಂದು ಕೊಡ್ಸಲ್ಲ."

ಹುಷಾರಾಗಿರುವುದೆಂದರೆ ಏನೇನು ಮಾಡುವುದು ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. "ಇನ್ನೊಂದು ಕೊಡ್ಸಲ್ಲ" ಎಂಬ ಮಾತಂತೂ, ನಾನು ಕಂಡಮಟ್ಟಿಗೆ, ನೀರಿಗಿಂತ ಹೆಚ್ಚು ಯಂತ್ರಗಳನ್ನು ಬಲಿ ತೆಗೆದುಕೊಂಡಿದೆ. ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ನನ್ನ ಹತ್ತಿರ ವಿದ್ಯಾರ್ಥಿಗಳು ಲ್ಯಾಪ್‌ಟಾಪ್ ತರುವುದು ಅದು ಕೆಟ್ಟ ದಿನವಲ್ಲ, ವಾರ ಕಳೆದ ಮೇಲೆ. ಚೀಲದಿಂದ ಹೊರಗೆ ತೆಗೆಯುವ ಮೊದಲೇ "ಸರ್, ಮನೇಲಿ ಇನ್ನೂ ಹೇಳಿಲ್ಲ" ಎನ್ನುತ್ತಾರೆ. ಆ ವಾರದೊಳಗೆ ಏನಾಗಿರುತ್ತದೆ ಎಂಬುದನ್ನು ಪೋಷಕರು ತಿಳಿದುಕೊಂಡರೆ ಉಳಿದ ಪಾಠ ಸುಲಭ.

ಓದುತ್ತಾ ಕೂತಾಗ ಕೀಬೋರ್ಡಿನ ಮೇಲೆ ಕಾಫಿ ಚೆಲ್ಲಿತು ಎನ್ನಿ. ಹಾನಿ ಮಾಡುವುದು ಬರೀ ನೀರಲ್ಲ, ನೀರೂ ವಿದ್ಯುತ್ತೂ ಸೇರಿದಾಗಿನ ಕೆಲಸ ಅದು. ಲ್ಯಾಪ್‌ಟಾಪನ್ನು ಆಫ್ ಮಾಡಿದರೂ ಒಳಗೆ ಬ್ಯಾಟರಿ ಇದ್ದೇ ಇರುತ್ತದೆ, ಮದರ್‌ಬೋರ್ಡಿನ ಕೆಲವು ಭಾಗಗಳಿಗೆ ಸಣ್ಣಗೆ ವಿದ್ಯುತ್ ಹೋಗುತ್ತಲೇ ಇರುತ್ತದೆ. ಅಕ್ಕಪಕ್ಕದ ತಾಮ್ರದ ಗೆರೆಗಳ ನಡುವೆ ತೇವ ಕೂತರೆ ಅಲ್ಲಿ ಲೋಹ ಸವೆದು ಹಸಿರು ಕಿಲುಬು ಹತ್ತುತ್ತದೆ. ಸಕ್ಕರೆ, ಹಾಲು, ಎಳನೀರು, ಕಬ್ಬಿನ ಹಾಲು ಇವೆಲ್ಲ ಬರೀ ನೀರಿಗಿಂತ ಕೆಟ್ಟವು. ಒಣಗಿದ ಮೇಲೂ ಅಂಟು ಉಳಿಯುತ್ತದೆ, ಆ ಅಂಟು ಗಾಳಿಯ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿಯೇ ಕಾಫಿ ಕುಡಿದ ಲ್ಯಾಪ್‌ಟಾಪು ಅನೇಕ ಸಲ ಅವತ್ತು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹುಡುಗ ಬದುಕಿದೆಯಾ ಬಡಜೀವವೇ ಎಂದುಕೊಂಡು ಒರೆಸಿಟ್ಟು ಸುಮ್ಮನಾಗುತ್ತಾನೆ. ನಾಲ್ಕೈದು ದಿನಕ್ಕೆ ಕೆಲವು ಕೀಗಳು ಕೈಕೊಡುತ್ತವೆ, ಆಮೇಲೊಂದು ದಿನ ಆನ್ ಆಗುವುದೇ ಇಲ್ಲ. ಮೊದಲ ದಿನವೇ ಬಿಚ್ಚಿ, ಬ್ಯಾಟರಿಯ ಸಂಪರ್ಕ ತಪ್ಪಿಸಿ ಬೋರ್ಡನ್ನು ಸ್ವಚ್ಛಮಾಡಿದ್ದರೆ ಅದು ಉಳಿಯುವ ಸಾಧ್ಯತೆ ಹೆಚ್ಚಿತ್ತು.

ಆದ್ದರಿಂದ ಲ್ಯಾಪ್‌ಟಾಪ್ ಕೈಗೆ ಕೊಡುವ ದಿನ ಮನೆಯಲ್ಲಿ ಒಂದು ಒಪ್ಪಂದವಾಗಲಿ. ಚೆಲ್ಲಲಿ, ಬೀಳಲಿ, ಕಳೆಯಲಿ, ಯಾವುದೋ ಲಿಂಕ್ ಒತ್ತಿ ದುಡ್ಡೇ ಹೋಗಲಿ, ತಕ್ಷಣ ಬಂದು ಹೇಳಿದರೆ ಬೈಗುಳ ಇಲ್ಲ. ಈ ಮಾತು ಹೇಳುವುದು ಸುಲಭ, ಅರವತ್ತು ಸಾವಿರದ ವಸ್ತುವಿನ ಮೇಲೆ ಕಾಫಿ ಹರಿಯುತ್ತಿರುವಾಗ ಉಳಿಸಿಕೊಳ್ಳುವುದು ಕಷ್ಟ ಎಂಬುದು ನನಗೂ ಗೊತ್ತು. ಆದರೂ ಆ ಐದು ನಿಮಿಷ ನಾಲಿಗೆ ಹಿಡಿದುಕೊಂಡವರ ಮನೆಯಲ್ಲಿ ರಿಪೇರಿಯ ಬಿಲ್ಲು ಚಿಕ್ಕದು.

ಜೊತೆಗೆ ಒಂದು ತಾಲೀಮು ಮಾಡಿಸಿ. ಶಾಲೆಗಳಲ್ಲಿ ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಮಾಡಿಸುತ್ತಾರಲ್ಲ, ಅದೇ ರೀತಿ. ಲ್ಯಾಪ್‌ಟಾಪ್ ಆಫ್ ಇರುವಾಗ, "ಈಗ ನೀರು ಚೆಲ್ಲಿತು, ಏನು ಮಾಡ್ತೀಯ?" ಎಂದು ಕೇಳಿ. ಮೊದಲು ಗೋಡೆಯ ಸ್ವಿಚ್ ಆರಿಸಿ ಚಾರ್ಜರ್ ಕೀಳಬೇಕು. ಪವರ್ ಕೀಯನ್ನು ಹತ್ತು ಸೆಕೆಂಡಿನಷ್ಟು ಒತ್ತಿ ಹಿಡಿದು ಪೂರ್ತಿ ಆಫ್ ಮಾಡಬೇಕು. ತೆರೆದಿರುವ ಫೈಲ್ ಸೇವ್ ಮಾಡೋಣ ಎಂದು ಕೂರಬಾರದು, ಅದು ಹೋದರೆ ಹೋಗಲಿ. ಪೆನ್‌ಡ್ರೈವ್, ಮೌಸ್ ಏನಿದ್ದರೂ ಕಿತ್ತು, ಬಟ್ಟೆಯಿಂದ ಒತ್ತಿ ಹೀರಿಸಿ, ಕೀಬೋರ್ಡು ಕೆಳಮುಖವಾಗುವಂತೆ ಮೇಜಿನಂಚಿನಲ್ಲಿ ಮಗುಚಿ ನಿಲ್ಲಿಸಬೇಕು. ಆಮೇಲೆ ನೇರ ಸರ್ವಿಸ್ ಸೆಂಟರ್. "ಆನ್ ಆಗುತ್ತಾ ನೋಡೋಣ" ಎಂದು ಒಂದೇ ಒಂದು ಸಲ ಒತ್ತುವುದೂ ಬೇಡ. ಹೇರ್ ಡ್ರೈಯರ್ ಬೇಡ, ಅದರ ಬಿಸಿಗಾಳಿ ತೇವವನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ಅಕ್ಕಿ ಡಬ್ಬದಲ್ಲಿ ಹೂತಿಡುವುದೂ ಬೇಡ. ನೆನೆದ ಫೋನನ್ನು ಅಕ್ಕಿಯಲ್ಲಿ ಇಡಬೇಡಿ, ಅದರ ಸಣ್ಣ ಕಣಗಳು ಒಳಗೆ ಹೋಗಿ ಹಾನಿ ಮಾಡಬಹುದು ಎಂದು ಆ್ಯಪಲ್ ಕಂಪನಿಯೇ 2024ರಲ್ಲಿ ತನ್ನ ಬಳಕೆದಾರರಿಗೆ ಹೇಳಿತು. ಅಕ್ಕಿಯನ್ನು ಅನ್ನಕ್ಕೆ ಬಿಡೋಣ. ಕೊಳ್ಳುವಾಗಲೇ ಗಮನಿಸಬೇಕಾದ ಸಂಗತಿ ಇನ್ನೊಂದಿದೆ: ಸಾಮಾನ್ಯ ವಾರಂಟಿ ನೀರು ಬಿದ್ದ ಹಾನಿಗೆ, ಬಿದ್ದು ಒಡೆದ ಪರದೆಗೆ ಅನ್ವಯಿಸುವುದಿಲ್ಲ. ಅದಕ್ಕೆ ಆಕ್ಸಿಡೆಂಟಲ್ ಡ್ಯಾಮೇಜ್ ಎಂದು ಬೇರೆ ರಕ್ಷಣೆಯನ್ನು ಪ್ರತ್ಯೇಕ ಹಣಕ್ಕೆ ಮಾರುತ್ತಾರೆ. ಹಾಸ್ಟೆಲ್ ಸೇರುವ ಮಕ್ಕಳಿಗೆ ಅದು ದುಂದಲ್ಲ.

ಪರದೆ ಒಡೆಯುವ ಬಗೆಯೂ ಹೆಚ್ಚುಕಡಿಮೆ ಒಂದೇ. ಕೀಬೋರ್ಡಿನ ಮೇಲೆ ಪೆನ್ನೋ ಇಯರ್‌ಫೋನೋ ಇದ್ದದ್ದನ್ನು ನೋಡದೆ ಮುಚ್ಚುತ್ತಾರೆ, ಟಪ್ ಎನ್ನುತ್ತದೆ. ಇಲ್ಲವಾದರೆ ಚೀಲದಲ್ಲಿ ಲ್ಯಾಪ್‌ಟಾಪಿನ ಪರದೆಯ ಬದಿಗೇ ಸ್ಟೀಲ್ ಟಿಫಿನ್ ಡಬ್ಬಿ ಒತ್ತಿಕೊಂಡಿರುತ್ತದೆ, ಬಸ್ಸಿನಲ್ಲಿ ನಾಲ್ಕು ಜನ ಆ ಚೀಲಕ್ಕೆ ಒರಗುತ್ತಾರೆ. ನೀರಿನ ಬಾಟಲಿ ಚೀಲದ ಹೊರಜೇಬಿಗೆ, ಸಾರು-ಪಲ್ಯದ ಡಬ್ಬಿ ಬೇರೆ ಕೈಚೀಲಕ್ಕೆ. ತೆರೆಯುವಾಗ ಮೂಲೆ ಹಿಡಿದು ಎತ್ತುವ ಬದಲು ನಡುವೆ ಹಿಡಿದು ಎತ್ತಿದರೆ ಹಿಂಜ್ ಬಾಳಿಕೆ ಬರುತ್ತದೆ. ಪರದೆಯನ್ನು ಕಿಟಕಿ ಗಾಜು ಒರೆಸುವ ದ್ರವದಿಂದ ಒರೆಸಬಾರದು. ಕನ್ನಡಕ ಒರೆಸುವಂಥ ಮೆತ್ತನೆಯ ಬಟ್ಟೆ, ಬೇಕಾದರೆ ಒಂದಿಷ್ಟು ತೇವ, ಅಷ್ಟು ಸಾಕು. ಖಾರ ಮಂಡಕ್ಕಿ ತಿನ್ನುತ್ತಾ ಟೈಪ್ ಮಾಡುವವರ ಕೀಬೋರ್ಡಿನೊಳಗೆ ಇರುವೆ ಸಂಸಾರ ಹೂಡಿದ್ದನ್ನು ನೋಡಿದ್ದೇನೆ.

ಬ್ಯಾಟರಿಯ ವಿಷಯಕ್ಕೆ ಬರೋಣ. ಇಲ್ಲಿ ಕೆಟ್ಟ ಅಭ್ಯಾಸವೂ ಇದೆ, ಅಪಾಯವೂ ಇದೆ. ನಮ್ಮ ಫೋನು, ಲ್ಯಾಪ್‌ಟಾಪುಗಳಲ್ಲಿರುವುದು ಲಿಥಿಯಂ-ಅಯಾನ್ ಬ್ಯಾಟರಿ. ಮೊದಲು ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಅದನ್ನು ರೂಪಿಸಿದ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ಅದಕ್ಕೆ ಆಗದ್ದು ಶಾಖ. ಹಾಸಿಗೆಯ ಮೇಲೆ, ದಿಂಬಿನ ಮೇಲೆ, ರಗ್ಗಿನ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ಕೆಳಗಿನ ಗಾಳಿಕಿಂಡಿ ಮುಚ್ಚಿಹೋಗುತ್ತದೆ, ಒಳಗೆ ಬಿಸಿ ಏರುತ್ತದೆ, ಫ್ಯಾನು ಹತ್ತಿಯನ್ನೂ ಧೂಳನ್ನೂ ಎಳೆದುಕೊಳ್ಳುತ್ತದೆ. ಹಾಸಿಗೆಯಲ್ಲೇ ಕೆಲಸ ಮಾಡುವ ಮಕ್ಕಳನ್ನು ಬದಲಾಯಿಸುವುದು ಆಗದ ಮಾತಾದರೆ ಒಂದು ಮರದ ಹಲಗೆ ಕೊಡಿಸಿ, ಅದರ ಮೇಲೆ ಇಟ್ಟುಕೊಳ್ಳಲಿ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನ ಕಡೆ ನಿಂತ ಕಾರಿನೊಳಗೆ ಬಿಟ್ಟುಹೋಗುವುದಂತೂ ಬೇಡವೇ ಬೇಡ. ಮೂರು ಹೊತ್ತೂ ಚಾರ್ಜರಿಗೆ ಸಿಕ್ಕಿಸಿಯೇ ಬಳಸುವವರು ಕಂಪನಿಯ ಆ್ಯಪಿನಲ್ಲೋ ಸೆಟ್ಟಿಂಗಿನಲ್ಲೋ ನೋಡಲಿ. ಶೇ 80ಕ್ಕೆ ಚಾರ್ಜಿಂಗ್ ನಿಲ್ಲಿಸುವ ಆಯ್ಕೆ ಈಗ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಇದೆ. ಬ್ಯಾಟರಿ ಸದಾ ತುಂಬಿ ಬಿಸಿಯಲ್ಲಿ ಕೂತಿರುವುದಕ್ಕಿಂತ ಅದು ಒಳ್ಳೆಯದು. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಅರ್ಧ ಚಾರ್ಜ್ ಮಾಡಿ ಇಡಬೇಕು, ಪೂರ್ತಿ ಖಾಲಿ ಮಾಡಿ ಇಟ್ಟರೆ ಮತ್ತೆ ಏಳದೇ ಹೋಗಬಹುದು.

ಅಪಾಯದ ಲಕ್ಷಣವನ್ನು ಮಕ್ಕಳಿಗೆ ಖಂಡಿತ ಕಲಿಸಿಕೊಡಿ. ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ ಆಗುತ್ತಿಲ್ಲ, ಅಥವಾ ಅದು ಸ್ವಲ್ಪ ಮೇಲೆದ್ದಂತಿದೆ, ಮುಚ್ಚಿದರೆ ಸರಿಯಾಗಿ ಕೂರುತ್ತಿಲ್ಲ, ಸಮನಾದ ಮೇಜಿನ ಮೇಲಿಟ್ಟರೂ ಲ್ಯಾಪ್‌ಟಾಪ್ ಅಲ್ಲಾಡುತ್ತದೆ. ಹೀಗಾದರೆ ಟಚ್‌ಪ್ಯಾಡ್ ಕೆಟ್ಟಿದೆ ಎಂದುಕೊಳ್ಳಬೇಡಿ. ಒಳಗೆ ಅನಿಲ ತುಂಬಿ ಬ್ಯಾಟರಿ ಊದಿಕೊಂಡಿರಬಹುದು. ಒತ್ತಬಾರದು, ಚುಚ್ಚಬಾರದು, ಚಾರ್ಜ್ ಮಾಡಬಾರದು. ಆಫ್ ಮಾಡಿ ತಿಳಿದವರಿಂದ ತೆಗೆಸಬೇಕು. ತೆಗೆದ ಬ್ಯಾಟರಿ ಮನೆಯ ಕಸದ ಗಾಡಿಗೆ ಹೋಗಬಾರದು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು. ಹಾಸ್ಟೆಲಿನಲ್ಲಿ ಫೋನನ್ನು ದಿಂಬಿನಡಿ ಇಟ್ಟು ರಾತ್ರಿಯಿಡೀ ಚಾರ್ಜ್ ಮಾಡುವುದು ಮಾತ್ರ ಬೈದಾದರೂ ಬಿಡಿಸಬೇಕಾದ ಅಭ್ಯಾಸ. ಫುಟ್‌ಪಾತಿನ ಅಗ್ಗದ ಚಾರ್ಜರ್ ಕೂಡ ಅಷ್ಟೆ. ಬಿಐಎಸ್ ಗುರುತಿಲ್ಲದ ಅಡಾಪ್ಟರ್ ಮನೆಯೊಳಗೆ ಬೇಡ.

ನಮ್ಮ ರಾಜ್ಯದಲ್ಲಿ ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಯಂತ್ರಗಳ ಪಾಲಿಗೆ ಒಂದು ಕಂಟಕ. ಸಿಡಿಲು ಹೊಡೆಯುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಬ್ರಾಡ್‌ಬ್ಯಾಂಡ್ ರೂಟರಿನ ಪ್ಲಗ್ಗೂ ಅದರಿಂದ ಬರುವ ಲ್ಯಾನ್ ಕೇಬಲ್ಲೂ ಸೇರಿ. ಸ್ಪೈಕ್ ಗಾರ್ಡ್ ದಿನನಿತ್ಯದ ಏರಿಳಿತಕ್ಕೆ ಒಳ್ಳೆಯದು, ಪಕ್ಕದಲ್ಲೇ ಬೀಳುವ ಸಿಡಿಲನ್ನು ಅದು ತಡೆಯಲಾರದು. ಕರೆಂಟು ಹೋಗಿ ಬರುವ ಹೊತ್ತಿನಲ್ಲಿ ವೋಲ್ಟೇಜ್ ಹಾರುವ ಊರುಗಳಲ್ಲಿ, ಬಂದು ಐದು ನಿಮಿಷವಾದ ಮೇಲೆ ಚಾರ್ಜರ್ ಹಾಕುವ ರೂಢಿ ಒಳ್ಳೆಯದು. ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದರೆ ಸಣ್ಣಗೆ ಜುಮ್ಮೆನ್ನುತ್ತದೆ ಎಂದು ಮಕ್ಕಳು ಹೇಳಿದರೆ ತಳ್ಳಿಹಾಕಬೇಡಿ, ಮನೆಯ ಅರ್ಥಿಂಗನ್ನು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ.

ಮಲೆನಾಡು, ಕರಾವಳಿಯವರ ಕಷ್ಟ ಬೇರೆ. ಜೂನ್ ಬಂತೆಂದರೆ ಚಪ್ಪಲಿಗೂ ಬೂಷ್ಟು. ಲ್ಯಾಪ್‌ಟಾಪ್ ಹಾಳಾದೀತೆಂದು ಬಟ್ಟೆಯಲ್ಲಿ ಸುತ್ತಿ ಬೀರುವಿನೊಳಗೆ ಇಡುವ ತಾಯಂದಿರಿದ್ದಾರೆ. ಅದಕ್ಕಿಂತ ದಿನಾ ಒಂದು ತಾಸು ಬಳಸುವುದೇ ವಾಸಿ, ಚಾಲೂ ಇದ್ದಾಗಿನ ಬಿಸಿಗೆ ಒಳಗಿನ ತೇವ ಆರುತ್ತದೆ. ಇಡಲೇಬೇಕಾದರೆ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ವಸ್ತುವನ್ನು ಮುಚ್ಚಿಟ್ಟರೆ ಉಳಿಯುತ್ತದೆ ಎಂಬ ನಂಬಿಕೆ ನಮ್ಮದು, ಟಿವಿ ರಿಮೋಟಿಗೂ ಪ್ಲಾಸ್ಟಿಕ್ ಕವರ್ ಹಾಕುವ ಜನ ನಾವು. ಲ್ಯಾಪ್‌ಟಾಪಿಗೆ ಆ ಪ್ರೀತಿ ಒಗ್ಗುವುದಿಲ್ಲ. ಕೀಬೋರ್ಡಿನ ಮೇಲೆ ಹಾಸುವ ರಬ್ಬರ್ ಹಾಳೆ ಕೆಲವು ಮಾದರಿಗಳಲ್ಲಿ ಗಾಳಿಯ ದಾರಿಯನ್ನೇ ಮುಚ್ಚುತ್ತದೆ.

ಮುಚ್ಚಿಡುವುದರ ಬದಲು ನಮ್ಮಲ್ಲೇ ಇರುವ ಒಂದು ಒಳ್ಳೆಯ ಪದ್ಧತಿಯನ್ನು ಬಳಸಿಕೊಳ್ಳಬಹುದು. ಆಯುಧಪೂಜೆಯ ಹಿಂದಿನ ದಿನ ಸ್ಕೂಟರ್ ತೊಳೆಯುತ್ತೇವೆ, ಯಂತ್ರಗಳಿಗೆ ಎಣ್ಣೆ ಬಿಡುತ್ತೇವೆ. ಅದೇ ದಿನ ಮಕ್ಕಳು ತಮ್ಮ ಲ್ಯಾಪ್‌ಟಾಪನ್ನು ಒರೆಸಿ, ಬೇಡದ ಫೈಲುಗಳನ್ನು ತೆಗೆದು, ಬಾಕಿಯಿರುವ ಅಪ್‌ಡೇಟುಗಳನ್ನು ಹಾಕಿ, ಎಲ್ಲದರ ಪ್ರತಿ ತೆಗೆದಿಡಲಿ. ಮರುದಿನ ಕುಂಕುಮವನ್ನು ಮುಚ್ಚಿದ ಮೈಮೇಲೆ ಒಂದು ಬೊಟ್ಟಾಗಿ ಹಚ್ಚಿ. ಕೀಬೋರ್ಡಿನ ಮೇಲೆ, ಯುಎಸ್‌ಬಿ ಕಿಂಡಿಯ ಹತ್ತಿರ ಪುಡಿ ಉದುರದಿರಲಿ.

ಹೊರಮೈಗಿಂತ ಒಳಗಿನದ್ದು ಹೋದಾಗ ಮಕ್ಕಳಿಗೆ ನಷ್ಟ ಹೆಚ್ಚು. ವಿದ್ಯಾರ್ಥಿಗಳ ಯಂತ್ರಕ್ಕೆ ವೈರಸ್ ಬರುವ ಹೆದ್ದಾರಿಯೆಂದರೆ ಕಾಲೇಜಿನೆದುರಿನ ಝೆರಾಕ್ಸ್ ಅಂಗಡಿ. ದಿನಕ್ಕೆ ನೂರಾರು ಪೆನ್‌ಡ್ರೈವ್ ಒಂದೇ ಕಂಪ್ಯೂಟರಿನ ಒಳಹೊರಗೆ ಆಡುತ್ತವೆ. ಪ್ರಿಂಟ್ ತೆಗೆಸಿಕೊಂಡು ಬಂದು ನೋಡಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕೂತಿರುತ್ತವೆ. ಅಂಗಡಿಯವರನ್ನು ದೂರಿ ಫಲವಿಲ್ಲ. ಪ್ರಿಂಟಿಗೆಂದೇ ಒಂದು ಚಿಕ್ಕ ಪೆನ್‌ಡ್ರೈವ್ ಇರಲಿ, ಅದರಲ್ಲಿ ಪ್ರಿಂಟ್ ಆಗಬೇಕಾದ ಪಿಡಿಎಫ್ ಬಿಟ್ಟು ಬೇರೇನೂ ಇರದಿರಲಿ. ಪ್ರಾಜೆಕ್ಟ್ ವರದಿಯ ಒಂದೇ ಒಂದು ಪ್ರತಿ ಇರುವ ಪೆನ್‌ಡ್ರೈವನ್ನು ಅಲ್ಲಿಗೆ ಒಯ್ಯುವುದು ಹುಚ್ಚುಧೈರ್ಯ. ಇಮೇಲ್ ತೆರೆದು ಪ್ರಿಂಟ್ ಕೊಟ್ಟರೆ ಲಾಗ್‌ಔಟ್ ಆದದ್ದನ್ನು ಎದುರಿಗೇ ನಿಂತು ನೋಡಬೇಕು.

ಇನ್ನೊಂದು ದಾರಿ ಗೆಳೆಯರಿಂದ ಬರುವ ಕ್ರ್ಯಾಕ್ ಸಾಫ್ಟ್‌ವೇರ್. ಇದರ ಬಗ್ಗೆ ಕಾನೂನಿನ ಉಪದೇಶ ಮಾಡಿದರೆ ಹುಡುಗರು ಕೇಳುವುದಿಲ್ಲ. ಹೀಗೆ ಕೇಳಿ ನೋಡಿ: "ಇನ್‌ಸ್ಟಾಲ್ ಮಾಡುವ ಮೊದಲು ಆ್ಯಂಟಿವೈರಸ್ ಆಫ್ ಮಾಡು ಅನ್ನುತ್ತಲ್ಲ, ಯಾಕೆ?" ಕಾವಲಿನವನನ್ನು ಮಲಗಿಸಿ ಬಾ ಎನ್ನುವವನ ಉದ್ದೇಶ ಅವರಿಗೇ ಹೊಳೆಯುತ್ತದೆ. ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ವಿದ್ಯಾರ್ಥಿಗಳಿಗೆ ಸಾಕು, ದುಡ್ಡು ಕೊಟ್ಟು ಇನ್ನೊಂದು ಕೊಳ್ಳಬೇಕೆಂದು ನನಗೆ ಅನ್ನಿಸಿಲ್ಲ. ಅಪ್‌ಡೇಟ್ ಮಾತ್ರ ಮುಂದೂಡಬಾರದು. ಅಣ್ಣನದೋ ಅಕ್ಕನದೋ ಹಳೆಯ ಲ್ಯಾಪ್‌ಟಾಪು ತಮ್ಮನ ಕೈಗೆ ಬಂದಿದ್ದರೆ ಅದರಲ್ಲಿ ಯಾವ ವಿಂಡೋಸ್ ಇದೆ ನೋಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಿಡಿಯದಷ್ಟು ಹಳೆಯದಾದರೆ ಲಿನಕ್ಸ್ ಹಾಕಿಸಬಹುದು, ಓದು-ಬರಹಕ್ಕೆ, ಪ್ರೋಗ್ರಾಮಿಂಗ್ ಕಲಿಕೆಗೆ ಅದು ಚೆನ್ನಾಗಿಯೇ ಆಗುತ್ತದೆ.

ಫೋನಿನ ವಿಷಯದಲ್ಲಿ ಮಕ್ಕಳಿಗಿಂತ ನಾವೇ ಮೊದಲು ಬೀಳುವವರು. ವಾಟ್ಸ್ಆ್ಯಪಿನಲ್ಲಿ ಮದುವೆಯ ಕರೆಯೋಲೆ ಎಂದೋ, ಆರ್‌ಟಿಒ ದಂಡದ ಚಲನ್ ಎಂದೋ ಫೈಲ್ ಬರುತ್ತದೆ. ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿರುತ್ತದೆ. ಅದು ಚಿತ್ರವೂ ಅಲ್ಲ, ಪತ್ರವೂ ಅಲ್ಲ, ಫೋನಿಗೆ ಇಳಿಯುವ ಆ್ಯಪ್. ಒಟಿಪಿ ಓದುವ ಅನುಮತಿಯನ್ನೂ ಅದು ಕೇಳುತ್ತದೆ. ಇದನ್ನು ಗುರುತಿಸುವುದನ್ನು ಮಗಳಿಂದಲೇ ನೀವು ಕಲಿಯಿರಿ, ಕಲಿಸಿದವರು ಮರೆಯುವುದಿಲ್ಲ. ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಬೇಕು. ಅಲ್ಲಿಯೂ ಮೊದಲ ಹೊತ್ತೇ ಮುಖ್ಯ, ಮುಚ್ಚಿಟ್ಟಷ್ಟೂ ಹಣ ಖಾತೆಯಿಂದ ಖಾತೆಗೆ ದಾಟಿಹೋಗುತ್ತದೆ.

ಪ್ರತಿ ತೆಗೆದಿಡುವ ಮಾತು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ ಎಂಬುದು ಈ ಕಸುಬಿನವರ ಹಳೆಯ ಲೆಕ್ಕ. ವಿದ್ಯಾರ್ಥಿಯ ಮಟ್ಟಿಗೆ ಅದು ಲ್ಯಾಪ್‌ಟಾಪಿನಲ್ಲೊಂದು, ಮನೆಯಲ್ಲಿಡುವ ಹಾರ್ಡ್‌ಡಿಸ್ಕಿನಲ್ಲೊಂದು, ಗೂಗಲ್ ಡ್ರೈವಿನಲ್ಲೊಂದು. ಡ್ರೈವಿನಲ್ಲಿ 15 ಜಿಬಿ ಉಚಿತ, ವರದಿ-ನೋಟ್ಸುಗಳಿಗೆ ಧಾರಾಳ. ಆದರೆ ಡ್ರೈವಿಗೆ ಸಿಂಕ್ ಆಗುತ್ತಿದೆ, ಸಾಕು ಎಂದು ನಿಶ್ಚಿಂತರಾಗಬಾರದು. ಸಿಂಕ್ ಎಂದರೆ ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ, ಕಸದ ಬುಟ್ಟಿಯಲ್ಲಿ 30 ದಿನ ಇದ್ದು ಆಮೇಲೆ ಶಾಶ್ವತವಾಗಿ ಹೋಗುತ್ತದೆ. ವಾರಕ್ಕೊಮ್ಮೆ ಭಾನುವಾರ ಹಾರ್ಡ್‌ಡಿಸ್ಕಿಗೂ ನಕಲು ಮಾಡಿಟ್ಟು ಬಿಚ್ಚಿಡುವುದು ಅದಕ್ಕಾಗಿಯೇ. ಹಳೆಯ ಬಗೆಯ ಹಾರ್ಡ್‌ಡಿಸ್ಕಿನೊಳಗೆ ತಟ್ಟೆ ತಿರುಗುತ್ತಿರುತ್ತದೆ, ನಕಲಾಗುತ್ತಿರುವಾಗ ಅಲ್ಲಾಡಿಸಬಾರದು, ಕೆಡವಿದರಂತೂ ಮುಗಿಯಿತು.

ಹೊಸ ಲ್ಯಾಪ್‌ಟಾಪ್ ಕೊಂಡ ದಿನವೇ ನೋಡಿಕೊಳ್ಳಬೇಕಾದ, ಆದರೆ ಬಹುತೇಕ ಯಾರೂ ನೋಡದ ಸಂಗತಿ ಒಂದಿದೆ. ಅಂಗಡಿಯವರು ಅವಸರದಲ್ಲಿ ಯಾವುದೋ ಇಮೇಲ್ ಹಾಕಿ ವಿಂಡೋಸ್ ಸಿದ್ಧಮಾಡಿ ಕೊಡುವುದುಂಟು. ಹಾಗೆ ಬಿಡಬೇಡಿ. ಈಗಿನ ಹೆಚ್ಚಿನ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನಲ್ಲಿರುವುದೆಲ್ಲ ತಾನಾಗಿಯೇ ಗೂಢಲಿಪಿಗೆ ಬದಲಾಗಿರುತ್ತದೆ. ಕಳ್ಳನ ಕೈಗೆ ಸಿಕ್ಕರೂ ಅವನಿಗೆ ಏನೂ ಓದಲಾಗದಂತೆ ಮಾಡಿದ ವ್ಯವಸ್ಥೆ ಅದು. ಆದರೆ ರಿಪೇರಿಯಲ್ಲಿ ಮದರ್‌ಬೋರ್ಡ್ ಬದಲಾದರೆ ಲ್ಯಾಪ್‌ಟಾಪು ನಿಮ್ಮನ್ನೂ ಅಪರಿಚಿತರೆಂದೇ ಬಗೆದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಇರುವುದು ಮೈಕ್ರೋಸಾಫ್ಟ್ ಖಾತೆಯಲ್ಲಿ. ಖಾತೆ ಅಂಗಡಿಯ ಹುಡುಗನ ಹೆಸರಿನಲ್ಲಿದ್ದರೆ, ಪಾಸ್‌ವರ್ಡ್ ಮರೆತಿದ್ದರೆ, ಎರಡು ವರ್ಷದ ನೋಟ್ಸು, ಫೋಟೊ ಎಲ್ಲಕ್ಕೂ ಬೀಗ. ಆದ್ದರಿಂದ ಖಾತೆ ಮಕ್ಕಳದೇ ಹೆಸರಿನಲ್ಲಿರಲಿ, ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು ಮನೆಯ ಕಾಗದಪತ್ರಗಳ ಫೈಲಿನಲ್ಲಿಡಿ. ಅದೇ ಹಾಳೆಯ ಮೇಲೆ ಲ್ಯಾಪ್‌ಟಾಪಿನ ಸೀರಿಯಲ್ ನಂಬರ್, ಬಿಲ್ಲಿನ ನಕಲು, ಫೋನಿನ 15 ಅಂಕಿಗಳ ಐಎಂಇಐ ಇರಲಿ. *#06# ಒತ್ತಿದರೆ ಐಎಂಇಐ ಪರದೆಯ ಮೇಲೆ ಬರುತ್ತದೆ. ಫೋನ್ ಕಳೆದರೆ ಪೊಲೀಸ್ ದೂರಿನ ಪ್ರತಿಯೊಂದಿಗೆ ಕೇಂದ್ರ ಸರ್ಕಾರದ ಸಂಚಾರ ಸಾಥಿ ಪೋರ್ಟಲ್ ಮೂಲಕ ಅದನ್ನು ಯಾವ ಸಿಮ್ಮಿಗೂ ಕೆಲಸ ಮಾಡದಂತೆ ತಡೆಹಿಡಿಸಬಹುದು. ಲ್ಯಾಪ್‌ಟಾಪಿಗೆ ಅಂಥ ಅನುಕೂಲವಿಲ್ಲ. ಕದ್ದ ಮಾಲು ಸಿಕ್ಕಾಗ ಇದು ನನ್ನದೇ ಎಂದು ಹೇಳಲು ಸೀರಿಯಲ್ ನಂಬರೇ ಆಧಾರ. ತಳದ ಸ್ಟಿಕ್ಕರ್ ಅಳಿಸಿಹೋಗುವ ಮೊದಲು ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಪಾಸ್‌ವರ್ಡ್ ಬಗ್ಗೆ ಉದ್ದದ ಪಾಠ ಬೇಡ. ಹುಟ್ಟಿದ ದಿನ, ಎಸ್ಸೆಸ್ಸೆಲ್ಸಿ ನೋಂದಣಿ ಸಂಖ್ಯೆ, ಮನೆಯ ನಾಯಿಯ ಹೆಸರು ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ ಬರೆದರೆ ಉದ್ದವೂ ಆಗುತ್ತದೆ, ನೆನಪಲ್ಲೂ ಉಳಿಯುತ್ತದೆ. ಇಮೇಲಿಗೆ ಎರಡನೇ ಹಂತದ ಪರಿಶೀಲನೆ ಹಾಕಿಸಿ. ಉಳಿದ ಖಾತೆಗಳ ಪಾಸ್‌ವರ್ಡ್ ಬದಲಾಯಿಸಲು ಸಂದೇಶ ಬರುವುದು ಅದೇ ಇಮೇಲಿಗೆ.

ಕೊನೆಗೆ, ಕೆಟ್ಟಾಗ ದುಡ್ಡು ಯಾರು ಕೊಡಬೇಕು ಎಂಬ ಪ್ರಶ್ನೆ. ಪಾಕೆಟ್ ಮನಿಯಲ್ಲಿ ಮುರಿದುಕೊಳ್ಳುವ ಅಪ್ಪಂದಿರಿದ್ದಾರೆ. ನನಗೆ ಅದು ಸರಿಕಾಣದು, ಮುಂದಿನ ಸಲ ಮುಚ್ಚಿಡುವುದಕ್ಕೆ ನಾವೇ ಕಾರಣ ಕೊಟ್ಟಂತಾಗುತ್ತದೆ. ದುಡ್ಡು ನೀವೇ ಕೊಡಿ, ಓಡಾಟ ಅವರದಿರಲಿ. ಸರ್ವಿಸ್ ಸೆಂಟರಿಗೆ ಅವರೇ ಹೋಗಲಿ, ಏನಾಯಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಲಿ. ಕಾಫಿ ಚೆಲ್ಲಿದ್ದನ್ನು ಹೇಳದೆ "ಸುಮ್ನೆ ಆಫ್ ಆಯ್ತು" ಎಂದರೆ ಮೆಕ್ಯಾನಿಕ್ ಬೇರೆಲ್ಲೋ ಹುಡುಕುತ್ತಾನೆ. ಆನ್ ಆಗುವ ಸ್ಥಿತಿಯಲ್ಲಿದ್ದರೆ ಕೊಡುವ ಮೊದಲು ಇಮೇಲ್, ವಾಟ್ಸ್ಆ್ಯಪ್ ವೆಬ್‌ನಿಂದ ಹೊರಬಂದು, ಖಾಸಗಿ ಫೋಟೊಗಳನ್ನು ಹಾರ್ಡ್‌ಡಿಸ್ಕಿಗೆ ಹಾಕಿಕೊಂಡು ಲ್ಯಾಪ್‌ಟಾಪಿನಿಂದ ತೆಗೆಯಲಿ. ಹೆಣ್ಣುಮಕ್ಕಳಿಗಷ್ಟೇ ಅಲ್ಲ, ಎಲ್ಲರಿಗೂ ಇದು ಅನ್ವಯ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಅಂಟಿಸುವ ಬದಲು ಬೇರೊಂದು ತಾತ್ಕಾಲಿಕ ಬಳಕೆದಾರ ಖಾತೆ ಮಾಡಿಕೊಡಲಿ. ಖರ್ಚು ಎಷ್ಟಾಗುತ್ತದೆಂದು ಮೊದಲೇ ಕೇಳಲಿ, ಬದಲಾಯಿಸಿದ ಹಳೆಯ ಭಾಗವನ್ನು ವಾಪಸ್ ಪಡೆಯಲಿ, ಹೊಸ ಭಾಗಕ್ಕೆ ಎಷ್ಟು ತಿಂಗಳ ವಾರಂಟಿ ಎಂದು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಲಿ.